ದುರ್ಗಾಳ ನಿದ್ದೆಗೆಂದು ಕೊಂಡ ಗಾಡಿ

ಬೈಲಹೊಂಗಲದಲ್ಲಿ ಹೆಂಡತಿಗೆ ಬಂಗಾರ ಕೊಡಿಸಿದ ಗಂಡಂದಿರಿದ್ದಾರೆ, ಇಳಕಲ್ ಸೀರೆ ಕೊಡಿಸಿದವರಿದ್ದಾರೆ, ಮನೆ ಕಟ್ಟಿಸಿ ಬಾಗಿಲ ಮೇಲೆ ಅವಳ ಹೆಸರನ್ನೇ ಕೆತ್ತಿಸಿದವರೂ ಇದ್ದಾರೆ. ಹೆಂಡತಿಗೆ ನಿದ್ದೆ ಕೊಡಿಸಿದ ಗಂಡ ಮಾತ್ರ ಈ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಆ ಕೊರತೆಯನ್ನು ನೀಗಿಸಲೆಂದೇ ನಾನು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಅಜಿತ ಮಾಸ್ತರ, ಅವತಾರವೆತ್ತಿದ್ದೆ.

"ದುರ್ಗಾ, ಈ ದಸರಾ ಸೂಟಿಯೊಳಗ ನಿನಗ ಕಣ್ಣತುಂಬ ನಿದ್ದಿ ಮಾಡಸದಿದ್ರ ನಾ ಮಾಸ್ತರನ ಅಲ್ಲ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಪ್ರತಿಜ್ಞೆ ಮಾಡಿದೆ.

"ಮೆಲ್ಲಕ ಮಾತಾಡ್ರಿ. ನಾ ಮನ್ಯಾಗ ಅದೀನಂತ ಓಣಿಗೆ ಗೊತ್ತಾಕೈತಿ," ಎಂದಳು ದುರ್ಗಾ.

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ದುರ್ಗಾ ಆಸ್ಪತ್ರೆಯಲ್ಲಿ ನರ್ಸ್. ಹೆಚ್ಚಾಗಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು, ಒಂದಿಷ್ಟು ತಿಂದು, ಇನ್ನೇನು ತಲೆಗೆ ದಿಂಬು ತಾಗಿತು ಎನ್ನುವಾಗ ಬಾಗಿಲ ಚಿಲಕ ಸದ್ದು ಮಾಡುತ್ತದೆ. ಓಣಿಯ ಗುರುಬಸವ್ವಾಯಿ ಸೆರಗು ಸರಿಸಿ ತೋಳು ಚಾಚುತ್ತಾಳೆ. "ನೀ ಏಳಬ್ಯಾಡ ಯವ್ವಾ, ಮಲಕೊಂಡ ನೋಡು. ಬರೇ ಬಿಪಿ." ಅವಳ ಹಿಂದೆ ಜಟ್ಟೆಪ್ಪ, ಅವನ ಹಿಂದೆ ಇನ್ನಾರೋ. ನಾನು ಸಮಾಜ ವಿಜ್ಞಾನದವನಾದ್ದರಿಂದ ಸಮಾಜವೆಂದರೆ ಜೀವ ಬಿಡುವವನು. ಚಹಾದಂಗಡಿಯಲ್ಲಿ ಯಾರಾದರೂ ತಲೆ ಸುತ್ತುತ್ತದೆ ಎಂದರೆ ಸಾಕು, "ನಮ್ಮ ಮನೀಗ ಹೋಗ್ರಿ, ದುರ್ಗಾ ಅದಾಳ" ಎಂದು ಕಳಿಸಿಬಿಡುತ್ತೇನೆ.

ಇದನ್ನೆಲ್ಲ ನಗುತ್ತ ಹೇಳುತ್ತಿದ್ದೇನೆ. ಆದರೆ ಶ್ರಾವಣದ ಕೊನೆಯಲ್ಲಿ ಒಂದು ಬೆಳಿಗ್ಗೆ ದುರ್ಗಾ ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಡದೆ ಹಾಗೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಕೈಗಳು ನಡುಗುತ್ತಿದ್ದವು. ಒಬ್ಬ ಮುದುಕನಿಗೆ ಪಕ್ಕದ ಹಾಸಿಗೆಯವನ ಇಂಜೆಕ್ಷನ್ ತುಂಬಿಕೊಂಡು ಹೋಗಿ ನಿಂತಿದ್ದಳಂತೆ. ಸೂಜಿ ಇಳಿಸುವ ಮುಂಚೆ ಹೇಗೋ ಕಣ್ಣಿಗೆ ಬಿತ್ತು. "ಚುಚ್ಚಿದ್ರ ಅಂವಾ ಉಳೀತಿರಲಿಲ್ರಿ," ಎಂದಳು. ಹಿರಿಯ ಸಿಸ್ಟರ್ ಪದ್ಮವ್ವ ಬೈಯಲಿಲ್ಲ. ರಜೆ ತೆಗೆದುಕೊಂಡು ಮೊದಲು ನಿದ್ದೆ ಮಾಡು, ನಿದ್ದೆ ಆಗದೆ ವಾರ್ಡಿನಲ್ಲಿ ಕಾಲಿಡಬೇಡ ಎಂದು ಹೇಳಿ ಕಳಿಸಿದ್ದಳು. ಬೈದಿದ್ದರೆ ದುರ್ಗಾ ಅಳುತ್ತಿರಲಿಲ್ಲವೇನೋ. ಅವತ್ತು ಅವಳು ಅತ್ತದ್ದು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಪ್ರತಿಜ್ಞೆಯ ಮೂಲ ಇದು. ಇನ್ನು ಉಪಾಯ. ಓಣಿಯನ್ನು ಮನೆಯಿಂದ ದೂರ ಸರಿಸಲಾಗದು. ಹಾಗಾದರೆ ಹಾಸಿಗೆಯನ್ನೇ ಓಣಿಯಿಂದ ದೂರ ಒಯ್ಯಬೇಕು. ಇದ್ದ ಕಾರು ಕೊಟ್ಟು, ಮೇಲೆ ಸಾಲ ಎತ್ತಿ, ಬೆಳಗಾವಿಯ ಸುಪಯಣ ಮೋಟರ್ಸ್‌ನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಒಂದು ಕ್ಯಾಂಪರ್ ವ್ಯಾನ್ ಹಿಡಿದೇಬಿಟ್ಟೆ. ಒಳಗೆ ಹಾಸಿಗೆ, ಒಲೆ, ನೀರಿನ ನಳ, ಪುಟ್ಟ ಫ್ರಿಜ್, ಕಿಟಕಿಗಳಿಗೆ ದಪ್ಪ ಪರದೆ. ಬಾಗಿಲು ತೆರೆದರೆ ಕೆಳಗಿನಿಂದ ಒಂದು ಮೆಟ್ಟಿಲು ತಾನಾಗಿಯೇ ಹೊರಗೆ ಸರಿದು ಬರುತ್ತದೆ. ಮಹಾರಾಜರ ಪಲ್ಲಕ್ಕಿಗೂ ಇಂಥ ಸೌಕರ್ಯ ಇದ್ದಿರಲಿಕ್ಕಿಲ್ಲ.

ಗಾಡಿ ಕೊಟ್ಟ ನಂತರವೂ ಗಿರಾಕಿಯ ಕೈ ಬಿಡದಿರಲು ಅಲ್ಲಿ ಕೌಶಿಕ ಎಂಬ ತರುಣನನ್ನು ಇಟ್ಟಿದ್ದರು. ಕಸ್ಟಮರ್ ಸಪೋರ್ಟ್. ಧಾರವಾಡದ ಕಡೆಯ ಮೆತ್ತನೆಯ ಮಾತು. "ಸರ್, ಮೆಟ್ಟಲಾ ಹೊರಗ ಇದ್ದಾಗ ಗಾಡಿ ಚಾಲೂ ಆಗೂದಿಲ್ರಿ. ಮ್ಯಾಲೆ ನೋಡ್ರಿ, ಹೊಗಿ ಬಂದ್ರ ಕೂಗೂ ಮಶಿನ್ ಅದ. ಅದಕ್ಕ ನೀರು ತಾಗಿಸಬ್ಯಾಡ್ರಿ, ಇಡೀ ವೈರಿಂಗ್ ಅದರ ಹಂತ್ಯಾಕನ ಅದ" ಎಂದು ಅವನು ಒಂದೊಂದೇ ವಿವರಿಸುತ್ತಿದ್ದ. ನಾನು ಅವನಿಗೆ ಸಾರಿಗೆಯ ಇತಿಹಾಸ ವಿವರಿಸುತ್ತಿದ್ದೆ. ಚಕ್ಕಡಿಯಿಂದ ಶುರುಮಾಡಿ ಉಗಿಬಂಡಿಗೆ ಬರುವಷ್ಟರಲ್ಲಿ ಅವನು ತನ್ನ ಪಾಠ ಮುಗಿಸಿದ್ದ.

ದುರ್ಗಾ ಒಂದೇ ಪ್ರಶ್ನೆ ಕೇಳಿದಳು. "ಬಾಗಲಾ ಒಳಗಿಂದ ಚಿಲಕ ಬೀಳತೈತಿ ಅಲ್ರಿ?"

"ಬೀಳ್ತದ್ರಿ ಮೇಡಂ."

"ಅಷ್ಟ ಸಾಕು."

ಮೊದಲ ಪ್ರಯೋಗ ಕಿತ್ತೂರಿನಲ್ಲಿ. ಒಂದು ರವಿವಾರ ಮಧ್ಯಾಹ್ನ ಕೆರೆಯ ದಂಡೆಯಲ್ಲಿ ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿದೆ. ಗಾಳಿ ತಂಪಾಗಿತ್ತು. ದುರ್ಗಾ ಪರದೆ ಎಳೆದು ಮಲಗಿದಳು. ನಾನು ಸದ್ದಾಗದಂತೆ ಕೆಳಗಿಳಿದು ದೂರ ನಿಂತೆ. ಮರ, ನೀರು, ಗಾಡಿ, ಒಳಗೆ ಮಲಗಿದ ಹೆಂಡತಿ. ಇಂಥ ತ್ಯಾಗದ ದೃಶ್ಯವನ್ನು ಜಗತ್ತು ನೋಡದೆ ಹೋಗುವುದುಂಟೆ? ಒಂದು ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಕೆಳಗೆ ಬರೆದೆ: "ಶ್ರೀಮತಿ ವಿಶ್ರಾಂತಿಯಲ್ಲಿದ್ದಾಳೆ. ದಯವಿಟ್ಟು ಯಾರೂ ತೊಂದರೆ ಕೊಡಬಾರದು. ಸ್ಥಳ: ಕಿತ್ತೂರು ಕೆರೆ ದಂಡೆ."

ಚಹಾ ಆರುವಷ್ಟು ಹೊತ್ತೂ ಆಗಿರಲಿಲ್ಲ, ಸ್ಕೂಟರಿನಲ್ಲಿ ಹಣಮಂತಪ್ಪ ಬಂದರು. ಮೊದಲು ನಮ್ಮ ಸಾಲೆಯಲ್ಲೇ ಕ್ಲಾರ್ಕ್ ಆಗಿದ್ದವರು, ಈಗ ಕಿತ್ತೂರಿನಲ್ಲೇ ಇದ್ದಾರೆ. ಹಿಂದೆ ಅವರ ತಾಯಿ ಬಾಯವ್ವ.

"ಸರ, ಸ್ಟೇಟಸ್ ನೋಡಿದ್ನಿ. ನಮ್ಮೂರಿಗೆ ಬಂದು ಮನೀಗ ಬರದ ಹೋಗತೀರೇನು? ಅವ್ವಗ ಮುಂಜಾನಿಂದ ತಲಿ ಗಿಂ ಅನ್ನಾಕತ್ತೈತಿ. ಸಿಸ್ಟರ್ ಬಾಯಾರು ಹೆಂಗೂ ಅದಾರಂತ ಕರಕೊಂಡ ಬಂದ್ನಿ."

ವಯಸ್ಸಾದ ಜೀವ ಬಿಸಿಲಲ್ಲಿ ನಿಂತಿದೆ. ನಾನೇನು ಕಲ್ಲೇ? ಕಿಟಕಿಗೆ ಬಾಯಿ ಹಚ್ಚಿ ಅತ್ಯಂತ ಮೆತ್ತಗೆ ಕೇಳಿದೆ. "ದುರ್ಗಾ, ಎಚ್ಚರ ಇದ್ದಿ ಏನ?"

"ಈಗ ಅದೀನಿ," ಎಂದು ಒಳಗಿನಿಂದ ದನಿ ಬಂತು. ಆಮೇಲೆ ಪರದೆ ಸರಿಯಿತು. "ಬಿಪಿ ಮಶಿನ್ನ ಬೇಕಂತನ ಮನ್ಯಾಗ ಬಿಟ್ಟ ಬಂದೀನ್ರಿ."

"ಚಿಂತಿ ಮಾಡಬ್ಯಾಡ, ನಾ ತಂದೀನಿ. ಇರಲಿ ಅಂತ ಸೀಟಿನ ಕೆಳಗ ಇಟ್ಟಿದ್ನಿ."

ದುರ್ಗಾ ನನ್ನನ್ನು ನೋಡಿದಳು. ಹದಿನಾರು ವರ್ಷದ ಸಂಸಾರದಲ್ಲಿ ಅಂಥ ನೋಟ ಅದೇ ಮೊದಲು. ಮಶಿನ್ ಕೈಗೆ ತೆಗೆದುಕೊಂಡು, ಬಾಯವ್ವನನ್ನು ಮೆಟ್ಟಿಲ ಮೇಲೆ ಕೂರಿಸಿ, ತೋಳಿಗೆ ಪಟ್ಟಿ ಕಟ್ಟಿದಳು. ಬೈಲಹೊಂಗಲಕ್ಕೆ ಮರಳುವ ದಾರಿಯಲ್ಲಿ ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ನನ್ನ ಜಂಬವೆಲ್ಲ ಇಳಿದುಹೋಯಿತು. ತಪ್ಪು ಕಿತ್ತೂರಿನದೇ ಎಂದು ನಿರ್ಧರಿಸಿದೆ. ಪರಿಚಯದವರಿರುವ ಊರು ಆಗಿಬರುವುದಿಲ್ಲ.

ಹುಡುಕಿ ಹುಡುಕಿ ತೊರಗಲ್ ಗೊತ್ತುಮಾಡಿದೆ. ರಾಮದುರ್ಗದ ಹತ್ತಿರದ ಊರು. ಕೋಟೆಯ ಗೋಡೆಯ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ನಮ್ಮವರೆಂಬುವರು ಒಬ್ಬರೂ ಇಲ್ಲ. ಹೊರಡುವ ದಿನ ನಸುಕಿನಲ್ಲೇ ದುರ್ಗಾ ತನ್ನ ಕರಾರು ಹಾಕಿದಳು.

"ನಿಮ್ಮ ಫೋನ್ ಬಂದ್ ಇರಬೇಕು. ನಡುವ ಎಲ್ಲೂ ನಿಲ್ಲಂಗಿಲ್ಲ. ನಾಡದ ನಾ ಡ್ಯೂಟಿಗೆ ಹೋಗಬೇಕ್ರಿ. ಇದ ಕಡೀ ರಜಾ. ಈಗೂ ನಿದ್ದಿ ಆಗಲಿಲ್ಲಂದ್ರ ನಾ ನೌಕರಿ ಬಿಡತೇನಿ. ಮಂದಿ ಜೀವದ ಮ್ಯಾಲ ಆಟ ಆಡಾಕ ನನಗ ಆಗೂದಿಲ್ಲ."

ಅವಳು ಸಿಟ್ಟಿನಿಂದ ಹೇಳಿರಲಿಲ್ಲ, ದಣಿದು ಹೇಳಿದ್ದಳು. ಅವಳಿಗೆ ಆ ನೌಕರಿ ಎಂದರೆ ಏನೆಂದು ನನಗೆ ಗೊತ್ತು. ಅವರ ಮನೆತನದಲ್ಲಿ ಸಂಬಳ ತಂದ ಮೊದಲ ಹೆಣ್ಣುಮಗಳು ಅವಳು. ಫೋನನ್ನು ಅವಳ ಎದುರಿನಲ್ಲೇ ಬಂದ್ ಮಾಡಿದೆ.

ಬೆಳಕು ಹರಿಯುವ ಮುಂಚೆ ಹೊರಟೆವು. ಸವದತ್ತಿ ದಾಟಿತು. ಎಲ್ಲಮ್ಮನ ಗುಡ್ಡ ಕಾಣಿಸಿದ್ದೇ ನನ್ನೊಳಗಿನ ಸಮಾಜ ಎದ್ದು ಕುಳಿತಿತು. ಗುಡ್ಡದ ಕೆಳಗಿನ ಉಗರಗೋಳದಲ್ಲಿ ನನ್ನ ಅಪ್ಪನ ತಂಗಿ ಸಾವಂತ್ರೆವ್ವ ಇದ್ದಾಳೆ. ಗಂಡ ಶಟ್ಟೆಪ್ಪ ಮಾಮಾ ಗುಡ್ಡಕ್ಕೆ ಬರುವವರಿಗೆ ಕಾಯಿ, ಭಂಡಾರ ಮಾರುವ ಅಂಗಡಿ ಇಟ್ಟಿದ್ದಾನೆ. ಸಾಕಿ ಸಲಹಿದ ಅತ್ತೆಗೆ ಹೊಸ ಗಾಡಿ ತೋರಿಸದೆ ಅವಳ ಊರ ಪಕ್ಕದಲ್ಲೇ ಕಳ್ಳನ ಹಾಗೆ ಹೋಗುವುದೆಂದರೆ!

"ಬರೇ ಚಾ ಕುಡದು ಹೊಂಟಬಿಡೂಣು," ಎಂದೆ.

"ನಿಮ್ಮ ಅತ್ತಿ ಮನ್ಯಾಗ ಬರೇ ಚಾ ಕುಡದು ಹೊಂಟವ್ರನ್ನ ನಾ ಕಂಡಿಲ್ರಿ."

"ನೀ ಇಳೀಬ್ಯಾಡ. ಹಿಂದ ಹೋಗಿ ಪರದೆ ಹಾಕ್ಕೊಂಡ ಮಲಗು. ನೀ ಬಂದೇ ಇಲ್ಲಂತ ಹೇಳತೇನಿ."

ಜಗಳಕ್ಕೆ ಬೇಕಾದ ಶಕ್ತಿ ಅವಳಲ್ಲಿ ಇರಲಿಲ್ಲ. ಎದ್ದು ಹಿಂದೆ ಹೋದಳು.

ಅತ್ತೆಯ ಮನೆಯ ಮುಂದೆ ಗಾಡಿ ನಿಂತಿತು. ಸಾವಂತ್ರೆವ್ವ ಹೊರಗೆ ಬಂದವಳೇ ಮೊದಲು ಕೇಳಿದ್ದು, "ದುರ್ಗವ್ವ ಎಲ್ಲೋ?"

ನನ್ನ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೊರಗೆ ಬಂದದ್ದು ಬೇರೆ. "ಒಳಗ ಮಲಗ್ಯಾಳಬೇ ಅತ್ತಿ."

ಅತ್ತೆಯ ಮುಖ ಬಾಡಿತು. "ನನ್ನ ಮನಿ ಬಾಗಲ ಮುಂದ ಬಂದು ಮನಿ ಸೊಸಿ ಗಾಡ್ಯಾಗ ಮಲಗೋದ? ಸಾವಂತ್ರೆವ್ವನ ಮನ್ಯಾಗ ಹಾಸಾಕ ಒಂದ ಚಾಪಿ ಇಲ್ಲಂತ ಮಂದಿ ಅಂದಾರು. ನಾವೇನ ಅಂದಿವೋ ನಿಮಗ?"

ಗಾಡಿ ಕೊಳ್ಳುವಾಗ ಇದು ನನಗೆ ಹೊಳೆದೇ ಇರಲಿಲ್ಲ. ನೆಂಟರ ಊರಿಗೆ ಸ್ವಂತ ಹಾಸಿಗೆ ಒಯ್ಯುವುದೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ಗಾಬರಿಯಲ್ಲಿ ಬೇರೆಯೇ ಒಂದು ಸುಳ್ಳು ಹುಟ್ಟಿತು.

"ಹಂಗಲ್ಲಬೇ. ಕಂಪನಿಯವ್ರು ಹೇಳ್ಯಾರ. ಮೊದಲನೇ ಸರ್ವಿಸ್ ಆಗೂತನಕ ಗಾಡ್ಯಾಗ ಯಾರಾರ ಒಬ್ಬರು ಮಲಗೇ ಇರಬೇಕಂತ."

"ಯಾಕಂತ?" ಎಂದು ಅಂಗಡಿಯಿಂದ ಎದ್ದು ಬಂದ ಶಟ್ಟೆಪ್ಪ ಮಾಮಾ ಕೇಳಿದ.

"ಇಲ್ಲಂದ್ರ ಗಾದಿ ಸೆಟ್ ಆಗೂದಿಲ್ಲಂತ್ರಿ ಮಾಮಾ."

ಮಾಮಾ ಗಡ್ಡ ಕೆರೆದುಕೊಂಡ. ಅತ್ತೆಯ ಬಾಡಿದ ಮುಖದಲ್ಲಿ ಈಗ ಚಿಂತೆ ತುಂಬಿತು. ಒಂದು ಗಾಡಿಗೆ ಹಗಲೂ ರಾತ್ರಿ ಮನುಷ್ಯರನ್ನು ಕಾವಲು ಮಲಗಿಸಬೇಕೆಂದರೆ ಅದರಲ್ಲಿ ಏನೋ ಸೇರಿಕೊಂಡಿರಬೇಕು. ಮೊದಲಿನ ಮಾಲಕರು ಯಾರೋ, ಏನೋ. ಹೆಣ್ಣುಮಗಳು ಅದರೊಳಗೆ ಒಬ್ಬಳೇ ಮಲಗಿದ್ದಾಳೆ. ನಾನು ಬೇಡವೆನ್ನುವ ಮೊದಲೇ ಅತ್ತೆ ಅಂಗಡಿಯಿಂದ ಭಂಡಾರದ ಬುಟ್ಟಿ ತಂದು, ಬಾಗಿಲು ಬಡಿದು, ದುರ್ಗಾ ಚಿಲಕ ತೆಗೆದದ್ದೇ ಒಳಗೆ ನುಗ್ಗಿದಳು. "ಎಲ್ಲವ್ವ ತಾಯಿ, ನಿನ್ನ ಪಾದಕ ಉಧೋ ಉಧೋ" ಎಂದು ಎರಡು ಕೈತುಂಬ ಅರಿಶಿನದ ಪುಡಿಯನ್ನು ಗಾಡಿಯ ಒಳಛಾವಣಿಗೆ ಎರಚಿದಳು.

ಹೊಗೆ ಬಂದರೆ ಕೂಗುವ ಮಶಿನ್ನಿಗೆ ಹೊಗೆಗೂ ಭಂಡಾರಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಅದು ಕೂಗತೊಡಗಿತು. ಅಂಥ ಕೂಗನ್ನು ಉಗರಗೋಳ ಎಂದೂ ಕೇಳಿರಲಿಲ್ಲ. ನಾಯಿಗಳು ಓಡಿದವು, ಮನುಷ್ಯರು ಓಡಿ ಬಂದರು. ಹಾಸಿಗೆಯ ಮೇಲೆ ದುರ್ಗಾ ನೆತ್ತಿಯಿಂದ ಪಾದದವರೆಗೆ ಹಳದಿಯಾಗಿ, ಕಿವಿ ಮುಚ್ಚಿಕೊಂಡು ಕುಳಿತಿದ್ದಳು.

ಫೋನ್ ಚಾಲೂ ಮಾಡಿ ಕೌಶಿಕನಿಗೆ ಹಚ್ಚಿ, ಆ ಕೂಗಿನಲ್ಲೂ ಕೇಳಿಸಲೆಂದು ಸ್ಪೀಕರ್ ಹಾಕಿದೆ.

"ಸರ್, ಮೊದಲ ಎಲ್ಲಾರನೂ ಕೆಳಗ ಇಳಸ್ರಿ. ಹೊಗಿ ಎಲ್ಲಿಂದ ಬರ್ಲಿಕತ್ತದ?"

"ಹೊಗಿ ಇಲ್ಲಪಾ. ಭಂಡಾರ."

"ಸರ್, ನಮಗ ಟ್ರೇನಿಂಗ್‌ನ್ಯಾಗ ಒಗ್ಗರಣಿ ಹೊಗಿ ಹೇಳ್ಯಾರ, ಬೀಡಿ ಹೊಗಿ ಹೇಳ್ಯಾರ, ಊದಿನಕಡ್ಡಿ ಸುದ್ದಾ ಹೇಳ್ಯಾರ. ಭಂಡಾರ ಹೇಳಿಲ್ರಿ. ಇರ್ಲಿ. ಒಣಾ ಅರಬಿ ತಗೊಂಡು ಮೆಲ್ಲಕ ಒರಸ್ರಿ. ಒಣಾದ್ದ ಇರಬೇಕು."

ಅಷ್ಟರಲ್ಲಿ ಮಾಮಾ ನನ್ನ ಕೈಯಿಂದ ಫೋನು ಕಿತ್ತುಕೊಂಡ. "ಏನ್ ತಮ್ಮಾ, ಗಾದಿ ಸೆಟ್ ಆಗಾಕ ನಮ್ಮ ಮನಿ ಹೆಣ್ಣಮಗಳನ್ನ ಗಾಡ್ಯಾಗ ಮಲಗಸಬೇಕಂತ ಹೇಳೀಯಂತಲ್ಲ. ನಿಮ್ಮ ಗಾದಿ ನೀವ ಮಲಗಿ ಸೆಟ್ ಮಾಡಿ ಕೊಡಬೇಕಿಲ್ಲೋ?"

"ಹಂಗ ನಾ ಹೇಳಿಲ್ರಿ ಕಾಕಾ," ಎಂಬ ದನಿ ನೆರೆದವರಿಗೆಲ್ಲ ಕೇಳಿಸಿತು.

ಮಾಮಾ ನನ್ನನ್ನು ನೋಡಿದ. ಅತ್ತೆ ನೋಡಿದಳು. ನೋಟ ತಪ್ಪಿಸಿಕೊಳ್ಳಲು ಕೈಗೆ ಸಿಕ್ಕ ಟವೆಲ್ ಹಿಡಿದು ಒರೆಸಲು ಹೋದೆ. ಅದು ನಾನು ಮುಖ ತೊಳೆದು ಹಿಂಡದೆ ಇಟ್ಟ ಟವೆಲ್. ಅರಿಶಿನ ಕಲಸಿದ ನೀರು ವೈರಿಂಗಿನೊಳಗೆ ಇಳಿಯಿತು. ಕೂಗು ನಿಂತಿತು. ಅದರೊಂದಿಗೆ ದೀಪ, ಫ್ರಿಜ್, ನಳ ಎಲ್ಲವೂ ನಿಂತವು. ಹೊರಗೆ ಚಾಚಿದ್ದ ಮೆಟ್ಟಿಲು ಒಳಗೆ ಸರಿಯಲಿಲ್ಲ. ಮೆಟ್ಟಿಲು ಸರಿಯದೆ ಗಾಡಿ ಚಾಲೂ ಆಗಲಿಲ್ಲ. "ನಾನ ಬರ್ತೇನ್ರಿ ಸರ್, ಏನೂ ಮುಟ್ಟಬ್ಯಾಡ್ರಿ," ಎಂದ ಕೌಶಿಕ. ಬೆಳಗಾವಿಯಿಂದ ಉಗರಗೋಳ ಎಂದರೆ ಎರಡು ಮೂರು ತಾಸಿನ ಮಾತು.

ಚಾಚಿಕೊಂಡು ನಿಂತ ಮೆಟ್ಟಿಲು, ಬಾಗಿಲಲ್ಲಿ ಕುಳಿತ ನರ್ಸ್. ಇನ್ನೇನು ಬೇಕು? ನಾನು ಯಾರಿಗೋ ಒಬ್ಬರಿಗೆ ದುರ್ಗಾಳ ಕೆಲಸವೇನೆಂದು ಹೇಳಿದ್ದು ನಿಜ. ಆಸ್ಪತ್ರೆ ಗಾಡಿ ಬಂದಿದೆಯೆಂದು ಸುದ್ದಿ ಹಬ್ಬಿತು. ತೋಳುಗಳ ಸಾಲು ಅಂಗಡಿಯ ತನಕ ಬೆಳೆಯಿತು. ಸೀಟಿನ ಕೆಳಗೇ ಉಳಿದಿದ್ದ ಬಿಪಿ ಮಶಿನ್ ಮತ್ತೆ ಹೊರಬಂತು. ದುರ್ಗಾ ಮುಖದ ಅರಿಶಿನ ಕೂಡ ಒರೆಸಿಕೊಳ್ಳದೆ ಒಬ್ಬೊಬ್ಬರಿಗೂ ಪಟ್ಟಿ ಕಟ್ಟುತ್ತ ಹೋದಳು. ನಾನು ಸಾಲನ್ನು ಸರಿಪಡಿಸುತ್ತಿದ್ದೆ.

ಒಬ್ಬ ಅಜ್ಜನ ತೋಳಿಗೆ ಪಟ್ಟಿ ಕಟ್ಟಿದವಳು ಅಂಕಿಯನ್ನು ನೋಡಿದಳು. ಮತ್ತೆ ನೋಡಿದಳು. ಆಮೇಲೆ ಪಟ್ಟಿ ಬಿಚ್ಚಿ ಮಶಿನ್ನನ್ನು ಕೆಳಗಿಟ್ಟಳು.

"ಇನ್ನ ನಾ ನೋಡೂದಿಲ್ರಿ ಅಜ್ಜಾರ. ಅಂಕಿ ಎರಡೆರಡ ಕಾಣಾಕತ್ತಾವು. ನನ್ನ ಕಣ್ಣ ನಂಬಬ್ಯಾಡ್ರಿ." ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಅವತ್ತ ಆ ಮುದಕನ ಮುಂದ ನಿಂತಾಗೂ ಹಿಂಗ ಆಗಿತ್ರಿ."

ಅವಳ ಕೈ ಮತ್ತೆ ನಡುಗುತ್ತಿತ್ತು. ನಾಡಿದ್ದು ಅವಳು ರಾಜೀನಾಮೆ ಬರೆಯುವುದು ಖಂಡಿತ ಎನಿಸಿತು. ಅತ್ತೆ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು ಎಲ್ಲ ಕೇಳಿಸಿಕೊಂಡಳು. ಕೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬಂದ ಕೂಡಲೆ ಇದನ್ನ ಹೇಳಬಾರದೇನೋ? ನಿದ್ದಿ ಇಲ್ಲದಾಕಿನ್ನ ನಾ ಎಬ್ಬಸತಿದ್ನೇನು? ಗಾದಿ ಸೆಟ್ ಆಗಬೇಕಂತ, ಗಾದಿ."

ಆಮೇಲೆ ತಾನೇ ಸಾಲನ್ನು ಚದುರಿಸಿದಳು. ನನ್ನ ಅತ್ತೆ ಊರನ್ನು ಹಾಗೆ ಗದರಿಸಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ನನಗೆ ಅಲ್ಲೇ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು.

ಹೊತ್ತು ನೆತ್ತಿಗೇರುವ ಮುಂಚೆಯೇ ಕೌಶಿಕ ಒಬ್ಬ ಮೆಕ್ಯಾನಿಕ್‌ನೊಂದಿಗೆ ಬಂದ. ಮೆಟ್ಟಿಲನ್ನು ಕೈಯಿಂದ ಒಳಗೆ ನೂಕಿ, ಯಾವುದೋ ವೈರು ಬಿಚ್ಚಿ ಕಟ್ಟಿ, ಗಾಡಿಯನ್ನು ತಾನೇ ಓಡಿಸುತ್ತೇನೆಂದ. ಬೆಳಗಾವಿಗೆ ಒಯ್ದೇ ಸರಿಮಾಡಬೇಕು. ತೊರಗಲ್ ಅಲ್ಲಿಗೆ ಮುಗಿಯಿತು. ದುರ್ಗಾ ಹಿಂದೆ ಮಲಗಿದಳು. ನಾನು ಮುಂದೆ ಕೌಶಿಕನ ಪಕ್ಕ ಕುಳಿತೆ. ಮನಸ್ಸು ತಡೆಯಲಿಲ್ಲ. ಸವದತ್ತಿಯ ಬಳಿ ಹಿಂದೆ ತಿರುಗಿ ಕೇಳಿದೆ. "ದುರ್ಗಾ, ನಿದ್ದಿ ಹತ್ತೈತೇನ?" ಇಲ್ಲ ಎಂದಳು. ಹಳ್ಳದ ಸೇತುವೆಯ ಬಳಿ ಕೇಳಿದೆ. "ಈಗ?" ಬೈಲಹೊಂಗಲದ ಬಳಿ ಮೂರನೆಯ ಸಲ ಬಾಯಿ ತೆರೆದಾಗ ಕೌಶಿಕ ನನ್ನ ತೊಡೆಯ ಮೇಲೆ ಕೈಯಿಟ್ಟು, "ಸರ್, ಮೇಡಂಗ ಒಂದಿಷ್ಟು ಬಿಡ್ರಿ," ಎಂದ.

ಸುಪಯಣ ಮೋಟರ್ಸ್‌ನ ಶೆಡ್ಡಿನಲ್ಲಿ ಗಾಡಿ ನಿಂತಾಗ ಒಳಗಿನಿಂದ ಯಾವ ಸುಳಿವೂ ಇರಲಿಲ್ಲ. ಎಬ್ಬಿಸಲು ಹೊರಟ ನನ್ನನ್ನು ಕೌಶಿಕ ಕರೆದೊಯ್ದು ಗಾಜಿನ ಗೋಡೆಯ ಆಚೆ, ಗಿರಾಕಿಗಳಿಗಾಗಿ ಹಾಕಿದ ಸೋಫಾದ ಮೇಲೆ ಕೂರಿಸಿದ. "ಕೆಲಸ ಮುಂದಿಂದ ಶುರು ಮಾಡ್ತೇವ್ರಿ. ಅವರನ್ನ ಎಬ್ಬಸೂದು ಬ್ಯಾಡ. ನೀವು ಮಾತ್ರ ಇಲ್ಲೇ ಇರ್ರಿ."

ಗಾಜಿನೊಳಗಿಂದ ನೋಡುತ್ತ ಕುಳಿತೆ. ಪಕ್ಕದ ಗಾಡಿಯ ತಗಡನ್ನು ಇಬ್ಬರು ಸುತ್ತಿಗೆಯಿಂದ ಬಡಿಯುತ್ತಿದ್ದರು. ಗಾಳಿ ತುಂಬುವ ಯಂತ್ರ ಗುಡುಗುತ್ತಿತ್ತು. ಯಾರೋ ಹಾರ್ನ್ ಪರೀಕ್ಷಿಸುತ್ತಿದ್ದರು. ಇಷ್ಟು ಗದ್ದಲದಲ್ಲಿ ಆಕೆ ಹೇಗೆ ಮಲಗಿಯಾಳು ಎಂದು ನನ್ನ ಜೀವ ಹಾರುತ್ತಿತ್ತು. ಎದ್ದು ಹೋಗಿ ನೋಡೋಣವೆಂದು ಹೊರಟಾಗಲೆಲ್ಲ ಯಾರಾದರೊಬ್ಬರು ಚಹಾ ಕೊಟ್ಟು ಮತ್ತೆ ಕೂರಿಸುತ್ತಿದ್ದರು. ಪರದೆ ಅಲುಗಾಡಲಿಲ್ಲ. ನಾನು ಬೇರೆ ಕೆಲಸವಿಲ್ಲದೆ ಆ ಪರದೆಯನ್ನೇ ನೋಡುತ್ತಿದ್ದೆ, ಮಾತಾಡಲು ಯಾರೂ ಇಲ್ಲದೆ ಬಹಳ ದಿನಗಳ ನಂತರ ಸುಮ್ಮನಿದ್ದೆ.

ಬಿಸಿಲು ಇಳಿಯಿತು. ಶೆಡ್ಡಿನವರು ಕೈ ತೊಳೆದುಕೊಳ್ಳುತ್ತಿದ್ದ ಹೊತ್ತಿಗೆ ಗಾಡಿಯ ಬಾಗಿಲು ತೆರೆಯಿತು, ದುರಸ್ತಿಯಾದ ಮೆಟ್ಟಿಲು ಹೊರಗೆ ಬಂತು. ದುರ್ಗಾ ಇಳಿದಳು. ಕೆನ್ನೆಯ ಮೇಲೆ ದಿಂಬಿನ ಗೆರೆ, ಕಿವಿಯ ಹಿಂದೆ ಅರಿಶಿನ. ಸೋಫಾದ ಹತ್ತಿರ ಬಂದು ಚಹಾದ ಬಟ್ಟಲು ಹಿಡಿದಳು. ನಾನು ಮೊದಲು ನೋಡಿದ್ದು ಅವಳ ಬೆರಳುಗಳನ್ನು. ಬಟ್ಟಲು ಸ್ವಲ್ಪವೂ ಅಲುಗುತ್ತಿರಲಿಲ್ಲ.

"ನಾಡದ ಡ್ಯೂಟಿಗೆ ಹೋಗತೇನ್ರಿ," ಎಂದಳು. "ಎಷ್ಟ ವರ್ಷ ಆಗಿತ್ತು, ಹಿಂಗ ಮಲಗಿ."

ಕೌಶಿಕ ಕೀಲಿಕೈ ಹಿಡಿದು ಬಂದ. "ಮೇಡಂ, ಮೆಟ್ಟಲಾ ಸರಿ ಆಗ್ಯದ, ಕೂಗೂ ಮಶಿನ್ ಬದಲಿ ಮಾಡೇವಿ. ಇನ್ನ ಒಳಗ ಏನರ ಸಪ್ಪಳ ಬರ್ತದೇನ್ರಿ? ಈಗ ಹೇಳಿದ್ರ ನೋಡಿಬಿಡ್ತೇವಿ."

"ಸಪ್ಪಳ ಅಂದ್ರ, ಹಂಗ ನೋಡಿದ್ರ..." ಎಂದು ನಾನು ಶುರುಮಾಡಿದೆ.

ದುರ್ಗಾ ಚಹಾ ಒಂದು ಗುಟುಕು ಕುಡಿದಳು.

"ಬರತಿತ್ರಿ," ಎಂದಳು ಕೌಶಿಕನಿಗೆ. "ಮಧ್ಯಾಹ್ನನ ನೀವ ಅದನ್ನ ತಗದು ಈ ಸೋಫಾದ ಮ್ಯಾಲ ಕುಂಡ್ರಿಸೀರಿ. ಆಮ್ಯಾಲ ಗಾಡಿ ಭಾಳ ಛಲೋ ಆತ್ರಿ."